ದೊಡ್ಡಮನೆಯ ಹರಾಜು ನಿಲ್ಲಿಸಿ: ನಮ್ಮ ಗ್ರಾಮ ಪಂಚಾಯ್ತಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು ಹಾಗೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು,
ಗಂಗಾವಳಿ ದಂಡೆಯ ನಮ್ಮ ಗ್ರಾಮ ಪಂಚಾಯ್ತಿ, ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ

ವಿಷಯ: ಹೊಳೆಬದಿಯ ದೊಡ್ಡಮನೆಯನ್ನು ಕೆಡವಿ ಮರಮುಟ್ಟು ಹರಾಜು ಹಾಕುವ ತೀರ್ಮಾನದ ಬಗ್ಗೆ

ಮಾನ್ಯರೇ,

ಪಂಚಾಯ್ತಿ ಕಚೇರಿಯ ಫಲಕಕ್ಕೆ ಕಳೆದ ವಾರ ಅಂಟಿಸಿದ ಪ್ರಕಟಣೆಯನ್ನು ಓದಿದೆ. ದೊಡ್ಡಮನೆ ಶಿಥಿಲವಾಗಿದೆ, ಅದನ್ನು ಕೆಡವಿ ಆ ಜಾಗದಲ್ಲಿ ಸಮುದಾಯ ಭವನವನ್ನೂ ರಸ್ತೆಯ ಕಡೆಗೆ ಬಾಡಿಗೆ ಮಳಿಗೆಗಳನ್ನೂ ಕಟ್ಟಲಾಗುವುದು, ಕೆಡವಿದಾಗ ಸಿಗುವ ಕಂಬ, ತೊಲೆ, ಬಾಗಿಲು, ಹಂಚು, ಚಿರೆಕಲ್ಲುಗಳನ್ನು ಇದ್ದ ಸ್ಥಿತಿಯಲ್ಲೇ ಬಹಿರಂಗ ಹರಾಜು ಮಾಡಲಾಗುವುದು ಎಂದು ಅದರಲ್ಲಿದೆ. ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸಬೇಕೆಂಬ ಸಾಲು ಕೊನೆಯಲ್ಲಿದೆ. ಇದು ನನ್ನ ಆಕ್ಷೇಪಣೆ. ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮನೆ ಊರಿಗೆಲ್ಲ ಸೇರಿದ್ದಾದ್ದರಿಂದ ಊರವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಆ ಮನೆತನದವಳಲ್ಲ. ನಮ್ಮದು ಆ ಮನೆಯ ಜಮೀನು ಉತ್ತು, ಬೆಳೆಯ ಪಾಲನ್ನು ಗೇಣಿಯೆಂದು ಅಳೆದುಕೊಟ್ಟ ಕುಟುಂಬ. ನನ್ನ ಅಜ್ಜಿ ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕಗ್ಗ ಭತ್ತವನ್ನು ಹೆಡಿಗೆಯಲ್ಲಿ ಹೊತ್ತು ತಂದು ಅಂಗಳದಲ್ಲಿ ಸುರಿದು, ಜಮೀನಿನ ಮಾಲೀಕರಾದ ಒಡೇರು ಅಳೆದು ಮುಗಿಸುವ ತನಕ ಬಿಸಿಲಲ್ಲಿ ನಿಂತಿರುತ್ತಿದ್ದಳು. ಜಗಲಿ ಹತ್ತುವ ಪದ್ಧತಿ ನಮ್ಮವರಿಗಿರಲಿಲ್ಲ. ಅದೇ ಜಗಲಿಯ ತುದಿಯ ಕೋಣೆಯಲ್ಲಿ ನಾನು ಶಾಖಾ ಅಂಚೆಪಾಲಕಿಯಾಗಿ ನಿವೃತ್ತಿಯ ತನಕ ಕುಳಿತೆ. ಊರಿನ ಹಿರಿಯರು ಇಂದಿಗೂ ನನ್ನನ್ನು ಪೋಸ್ಟಿನ ಅಕ್ಕೋರೆ ಎಂದೇ ಕರೆಯುತ್ತಾರೆ. ಹಾಗಾಗಿ ಈ ಮನೆಯ ಬಗ್ಗೆ ನಾನು ಹೇಳುವುದು ಒಡೆತನದ ಹೆಮ್ಮೆಯಿಂದ ಹುಟ್ಟಿದ್ದಲ್ಲ ಎಂಬುದನ್ನು ತಾವು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಕಟಣೆಯಲ್ಲಿ ಈ ಮನೆಯ ಬಗ್ಗೆ ಇರುವುದು ಸರ್ವೆ ನಂಬರು, ಚದರ ಅಡಿ, ಶಿಥಿಲ ಎಂಬ ಷರಾ ಇಷ್ಟೇ. ತೀರ್ಮಾನಕ್ಕೆ ಕೈಯೆತ್ತಿದ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಈ ಮನೆಯಲ್ಲಿ ಏನೇನು ನಡೆಯಿತು ಎಂದು ತಿಳಿಯುವ ವಯಸ್ಸಿನವರಲ್ಲ. ಅದು ಅವರ ತಪ್ಪಲ್ಲ. ಹೇಳಬೇಕಾದವರು ಹೇಳಬೇಕು, ಆದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತೇನೆ.

ಮನೆ ಕಟ್ಟಿದ ವರ್ಷವನ್ನು ಎಲ್ಲಿಯೂ ಕೆತ್ತಿಲ್ಲ. ಮೊದಲು ಹುಲ್ಲು, ಮಡ್ಲಿನ (ಹೆಣೆದ ತೆಂಗಿನ ಗರಿಯ) ಹೊದಿಕೆ ಇತ್ತು, ಆಮೇಲೆ ಹಂಚು ಬಂತು ಎಂದು ಹಿರಿಯರು ಹೇಳುತ್ತಿದ್ದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಆ ನಂತರ ಕರಾವಳಿಯುದ್ದಕ್ಕೂ ಮಚವೆ ಎಂಬ ಸರಕಿನ ದೋಣಿಗಳಲ್ಲಿ ಹಂಚು ಬಂದಿಳಿದು, ಉಳ್ಳವರ ಮನೆಗಳ ಮಾಡು ಕೆಂಪಾದವು. ದೊಡ್ಡಮನೆಯ ಹಂಚುಗಳೂ ಹೊಳೆಯ ಮೇಲೆಯೇ ಬಂದವು. ಗೋಡೆ ಚಿರೆಕಲ್ಲಿನದು, ಗಾರೆ ಹೊಳೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣದ್ದು, ಒಳಗಿನ ಕಂಬ ಹಲಸಿನದು, ಹೆಬ್ಬಾಗಿಲು ಮತ್ತು ಜಗಲಿಯ ಕಂಬಗಳು ಸಾಗವಾನಿಯವು. ಅಂಗಳದಿಂದ ಜಗಲಿಗೆ ಏರಲು ಐದು ಮೆಟ್ಟಿಲು. ಹೊಳೆಯ ಸ್ವಭಾವ ಬಲ್ಲವರು ಪಾಯ ಹಾಕಿದ್ದಾರೆ ಎಂಬುದು ಆ ಎತ್ತರದಲ್ಲೇ ತಿಳಿಯುತ್ತದೆ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಅದರ ಬೆನ್ನಿಗೆ ಬಂದ ಕರನಿರಾಕರಣೆ ಅಷ್ಟು ನೆನಪಿನಲ್ಲಿಲ್ಲ. ಅಂಕೋಲೆ ಮತ್ತು ಸಿದ್ದಾಪುರದ ರೈತರು ಸರಕಾರಕ್ಕೆ ತೀರ್ವೆ (ಭೂಕಂದಾಯ) ಕೊಡುವುದಿಲ್ಲ ಎಂದು ಕುಳಿತರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜಮೀನು ಮುಟ್ಟುಗೋಲು ಹಾಕಿದರು, ದನ-ಕರು, ದವಸ, ಪಾತ್ರೆ-ಪಡಗಗಳನ್ನು ಜಪ್ತಿ ಮಾಡಿದರು. ಈ ಮನೆಯ ಯಜಮಾನರೂ ತೀರ್ವೆ ಕಟ್ಟಲಿಲ್ಲ, ಸೆರೆಮನೆಗೆ ಹೋದರು. ಕಣಜದ ಭತ್ತ, ಹಂಡೆ, ಕೊಪ್ಪರಿಗೆ, ಕೊನೆಗೆ ತೊಟ್ಟಿಲನ್ನೂ ಅಂಗಳಕ್ಕೆ ತಂದಿಟ್ಟು ಹರಾಜು ಕೂಗಿದಾಗ ಊರಿನವರು ಯಾರೂ ಬೆಲೆ ಕೂಗಲಿಲ್ಲ. ಕೂಗದೆ ನಿಂತವರಲ್ಲಿ ನನ್ನ ಅಜ್ಜನೂ ಇದ್ದ. ಗೇಣಿಯ ಹೊರೆಯಿಂದ ಬೆನ್ನು ಬಾಗಿದ್ದವನು ಆ ದಿನ ಒಡೇರ ಪಾತ್ರೆಗೆ ಕೈ ಹಾಕಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಕೊನೆಗೆ ಹೊರಗಿನಿಂದ ಬಂದವರು ಸಾಮಾನು ಹೊತ್ತುಕೊಂಡು ಹೋದರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಮುಟ್ಟುಗೋಲಾದ ಜಮೀನುಗಳು ಮರಳಿ ಸಿಕ್ಕವು. ಪಾತ್ರೆ, ತೊಟ್ಟಿಲು ಮರಳಲಿಲ್ಲ.

ಸತ್ಯಾಗ್ರಹದಲ್ಲಿ ಸರ್ವಸ್ವ ಕಳೆದುಕೊಂಡ ಮನೆ ಎಂದು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಕೆಲವೇ ವರ್ಷಗಳಲ್ಲಿ ಅದೇ ಅಂಗಳದಲ್ಲಿ ಗೇಣಿದಾರರು ಒಡೇರ ಎದುರು ನಿಂತರು. ದಿನಕರ ದೇಸಾಯಿಯವರು ಅಂಕೋಲಾ ಸೀಮೆಯಲ್ಲಿ ರೈತಕೂಟ ಕಟ್ಟಿ, ಉಳುವವರ ಪರ ನಿಂತ ಕಾಲ ಅದು. 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಹೊರಗಿಟ್ಟಿತು. ಗೇಣಿ ಕಡಿಮೆ ಮಾಡಿ, ಅಳತೆಯ ಕೊಳಗ ಸರಿಯಾಗಿರಲಿ ಎಂದು ನಮ್ಮವರು ಈ ಮನೆಯ ಮುಂದೆಯೇ ಕೇಳಿದರು. ಸೆರೆಮನೆ ಕಂಡು ಬಂದ ಯಜಮಾನರಿಗೆ ಆ ಮಾತು ಸಿಟ್ಟು ತರಿಸಿತಂತೆ. ಪರದೇಶದವರ ಅನ್ಯಾಯ ಕಂಡವರಿಗೆ ಮನೆಯಂಗಳದ ಅನ್ಯಾಯ ಕಾಣಲು ಇನ್ನಷ್ಟು ವರ್ಷ ಹಿಡಿಯಿತು ಎಂದು ನಾನು ತಿಳಿದಿದ್ದೇನೆ.

ಸ್ವಾತಂತ್ರ್ಯ ಬಂದ ಮೇಲೆ ಕನ್ನಡ ಶಾಲೆಗೆ ಕಟ್ಟಡ ಇರಲಿಲ್ಲ. ಅದೇ ಯಜಮಾನರು ಜಗಲಿ ಮತ್ತು ಪಡಸಾಲೆಯನ್ನು ಶಾಲೆಗೆ ಬಿಟ್ಟುಕೊಟ್ಟರು. ನಮ್ಮ ಮನೆತನದವರು ಮೊದಲ ಸಲ ಜಗಲಿ ಹತ್ತಿದ್ದು ಹಾಗೆ, ಪಾಟಿ ಹಿಡಿದುಕೊಂಡು. ಆಗ ಮುಂಬಯಿ ರಾಜ್ಯದ ಪಠ್ಯ. ನನ್ನ ಅಪ್ಪ ಆ ಜಗಲಿಯಲ್ಲೇ ಕಲಿತು ಅಂದಿನ ಏಳನೇ ತರಗತಿಯ ಮುಲ್ಕಿ ಪರೀಕ್ಷೆಗೆ ಕಟ್ಟಿದ. 1953ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹೈಸ್ಕೂಲುಗಳನ್ನು ತೆರೆದಾಗ ಅಲ್ಲಿಗೆ ಹೋದ ನಮ್ಮೂರ ಮಕ್ಕಳು ಈ ಜಗಲಿಯಲ್ಲಿ ಅಕ್ಷರ ತಿದ್ದಿದವರು. 1956ರ ನವೆಂಬರಿನಲ್ಲಿ ರಾಜ್ಯ ಬದಲಾಯಿತು, ಪುಸ್ತಕಗಳೂ ಬದಲಾದವು. ಶಾಲೆ ಮಾತ್ರ ಸ್ವಂತ ಕಟ್ಟಡವಾಗುವ ತನಕ ಅಲ್ಲೇ ಇತ್ತು.

1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ಹೊಸ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಅವರ ಕಾಲ. ಏಳನೇ ನಮೂನೆಯ ಅರ್ಜಿ ತುಂಬಲು ಊರಿನಲ್ಲಿ ಬರೆಯಲು ಬರುವವರು ಬೇಕಾಗಿತ್ತು, ಮಳೆಗಾಲದಲ್ಲಿ ಹತ್ತಾರು ಜನ ಕುಳಿತುಕೊಳ್ಳುವ ಒಣ ಜಾಗವೂ ಬೇಕಾಗಿತ್ತು. ಎರಡೂ ಸಿಕ್ಕಿದ್ದು ಈ ಜಗಲಿಯಲ್ಲಿ. ಒಡೇರ ಜಮೀನಿನ ಮೇಲೆ ಗೇಣಿದಾರರು ಹಕ್ಕು ಕೇಳುವ ಅರ್ಜಿಯನ್ನು ನನ್ನ ಅಪ್ಪ ಅಲ್ಲಿ ಕುಳಿತು ಬರೆದುಕೊಟ್ಟ. ಯಜಮಾನರ ಮಗ ಒಳಗಿನಿಂದ ದೀಪ ತಂದಿಟ್ಟು ಹೋದರು. ನಾನು ಆಗ ಪುಟ್ಟ ಹುಡುಗಿ, ಅಪ್ಪನ ಪಕ್ಕದಲ್ಲಿ ಕುಳಿತಿದ್ದೆ. ಆ ದೀಪ ತಂದ ಕೈ ನನಗೆ ಮರೆತಿಲ್ಲ, ಆ ಮನೆತನದ ಬಗ್ಗೆ ನನ್ನ ಮನಸ್ಸಿನಲ್ಲಿ ಇರುವ ಗೌರವಕ್ಕೆ ಅದು ಮುಖ್ಯ ಕಾರಣ.

ಗೇಣಿ ನಿಂತಿತು, ಕಣಜ ಬರಿದಾಯಿತು, ಅಷ್ಟು ದೊಡ್ಡ ಮನೆಯನ್ನು ನಡೆಸುವುದು ಆಗಲಿಲ್ಲ. ಮಕ್ಕಳು ಮುಂಬಯಿ ಹಿಡಿದರು. ಹೋಗುವ ಮುಂಚೆ ಮನೆಯನ್ನೂ ಅಂಗಳವನ್ನೂ ಊರಿಗೆ ದಾನಪತ್ರ ಮಾಡಿಕೊಟ್ಟರು. ಮನೆಯನ್ನು ಊರಿನ ಸಾರ್ವಜನಿಕ ಉಪಯೋಗಕ್ಕೆ ಇಟ್ಟುಕೊಳ್ಳತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ ಎಂದು ಆ ಪತ್ರದಲ್ಲಿದೆ. ಅದರ ಪ್ರತಿ ಕಚೇರಿಯ ಕಪಾಟಿನಲ್ಲಿ ಇರಲೇಬೇಕು. ತೀರ್ಮಾನ ಮಾಡುವ ದಿನ ಅದನ್ನು ಸಭೆಯ ಮುಂದಿಟ್ಟಿದ್ದರೇ? ಇಟ್ಟಿದ್ದರೆ ನಡಾವಳಿಯಲ್ಲಿ ಅದರ ಉಲ್ಲೇಖ ಏಕಿಲ್ಲ? ಮನೆಯನ್ನು ಬಿಡಿ ಬಿಡಿಯಾಗಿ ಹರಾಜು ಹಾಕುವುದು ಪರಭಾರೆ ಅಲ್ಲದಿದ್ದರೆ ಮತ್ತೇನು ಎಂದು ಕಾನೂನು ಬಲ್ಲವರ ಅಭಿಪ್ರಾಯ ಕೇಳಿದ್ದೀರಾ?

ಅಂಚೆ ಕಚೇರಿ ಆ ಮನೆಗೆ ಬಂದದ್ದು ಅದಾದ ಮೇಲೆ. ಬಾಗಿಲಿನ ಹಲಗೆಯಲ್ಲಿ ಕಾಗದ ಹಾಕಲು ಕೊರೆದ ಸೀಳು ಇನ್ನೂ ಇದೆ, ಅದರ ಕೆಳತುದಿ ಕೈ ತಾಗಿ ತಾಗಿ ನುಣುಪಾಗಿದೆ. ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವ ಮಕ್ಕಳ ಮನಿಯಾರ್ಡರಿಗಾಗಿ ತಾಯಂದಿರು ಸಾಲಾಗಿ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಹೆಬ್ಬೆಟ್ಟು ಒತ್ತುವವರಿಗೆ ಸಹಿ ಕಲಿಸಿದ್ದು ಅಲ್ಲೇ. ಟೆಲಿಗ್ರಾಂ 2013ರಲ್ಲಿ ನಿಂತಿತು, ಹಳೆಯ ಮನಿಯಾರ್ಡರು 2015ರಲ್ಲಿ ನಿಂತಿತು, ನಮ್ಮ ಶಾಖೆಯೂ ಹೆದ್ದಾರಿ ಬದಿಯ ಅಂಗಡಿ ಕೋಣೆಗೆ ಹೋಯಿತು. ಖಾಲಿಯಾದ ಕೋಣೆಗೆ ಅಂಗನವಾಡಿ ಬಂತು, ಆಮೇಲೆ ಪಂಚಾಯ್ತಿಯ ಗ್ರಂಥಾಲಯದ ಕಪಾಟುಗಳು ಬಂದವು. ಸ್ತ್ರೀಶಕ್ತಿ ಸಂಘದ ಉಳಿತಾಯದ ಸಭೆ ಈಗಲೂ ಅಲ್ಲೇ ನಡೆಯುತ್ತದೆ. ಸುಗ್ಗಿ ತಂಡ ಊರು ತಿರುಗಿ ಬಂದಾಗ ತುರಾಯಿ ಕಟ್ಟಿದವರು ಮೊದಲು ಕುಣಿಯುವುದು ಅದೇ ಅಂಗಳದಲ್ಲಿ.

2019ರ ಆಗಸ್ಟ್ ತಿಂಗಳನ್ನು ತಾವು ಮರೆತಿರಲಾರಿರಿ. ಗಂಗಾವಳಿ ತಗ್ಗಿನ ಮನೆಗಳ ಮಾಡಿನ ತನಕ ಏರಿದಾಗ ಜನರನ್ನು ಎಲ್ಲಿಗೆ ಕರೆತಂದಿರಿ? ದೋಣಿಗಳು ನೇರವಾಗಿ ದೊಡ್ಡಮನೆಯ ಮೆಟ್ಟಿಲಿಗೇ ಬಂದು ತಾಗಿದವು. ನೀರು ನಾಲ್ಕನೇ ಮೆಟ್ಟಿಲಿಗೆ ನಿಂತಿತು. ಮಾಳಿಗೆಯ ಮೇಲೆ ಬಾಣಂತಿ ಇದ್ದಳು, ಹಾಸಿಗೆ ಹಿಡಿದ ಮುದುಕರಿದ್ದರು, ಕೊಟ್ಟಿಗೆಯಿಂದ ಬಿಡಿಸಿ ತಂದ ಕರುಗಳು ಜಗಲಿಯಲ್ಲಿದ್ದವು. ಹಿಂದಿನ ಅಡುಗೆಮನೆಯಲ್ಲಿ ಗಂಜಿ ಬೇಯಿಸಿದವರಲ್ಲಿ ಈಗಿನ ಇಬ್ಬರು ಸದಸ್ಯರೂ ಇದ್ದಿರಿ. 2021ರ ಜುಲೈಯಲ್ಲಿ ಮತ್ತೆ ನೀರು ಬಂದಾಗಲೂ ಅದೇ ಮನೆ. ಊರಿನ ಬೇರೆ ಯಾವ ಸಾರ್ವಜನಿಕ ಕಟ್ಟಡವೂ ಅಷ್ಟು ಎತ್ತರದ ಪಾಯದ ಮೇಲಿಲ್ಲ. ಹೊಸ ಭವನದ ನಕ್ಷೆಯನ್ನು ನಾನು ನೋಡಿದೆ. ಮಳಿಗೆಗಳಿಗೆ ಗಿರಾಕಿ ಹತ್ತಲು ಅನುಕೂಲವಾಗಲೆಂದು ನೆಲವನ್ನು ರಸ್ತೆಯ ಮಟ್ಟಕ್ಕೇ ಇಟ್ಟಿದ್ದಾರೆ. ಮುಂದಿನ ನೆರೆಗೆ ಜನರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂಬ ಪ್ರಶ್ನೆಗೆ ಆ ನಕ್ಷೆಯಲ್ಲಿ ಉತ್ತರವಿಲ್ಲ.

ಈಗ ಶಿಥಿಲ ಎಂಬ ಮಾತಿಗೆ ಬರುತ್ತೇನೆ. ಹಿಂಬದಿಯ ಅಡುಗೆಮನೆಯ ಗೋಡೆ ಬಿರಿದಿದೆ, ನಿಜ. ಅಲ್ಲಿ ಎರಡು ಮಾಡು ಕೂಡುವ ಕಡೆ ಮಳೆನೀರು ಹರಿದುಹೋಗುವ ತಗಡಿನ ದೋಣಿ ತೂತಾಗಿ ವರ್ಷಗಳಾದವು. ದುರಸ್ತಿ ಮಾಡಿ ಎಂದು ಗ್ರಾಮಸಭೆಯಲ್ಲಿ ಕೇಳಿದ್ದೆವು, ನಡಾವಳಿಯಲ್ಲಿ ಬರೆದುಕೊಂಡಿರಿ, ತಗಡು ಬರಲಿಲ್ಲ. ಮಳೆಗಾಲವೊಂದಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಅಷ್ಟು ನೀರು ಒಂದೇ ಗೋಡೆಗೆ ಇಳಿದರೆ ಯಾವ ಗೋಡೆ ತಾಳೀತು? ಆ ಮೂಲೆಯಲ್ಲಿ ಹಂಚು ಹೊರುವ ಮರದ ಪಕಾಸು, ರೀಪುಗಳಿಗೆ ಒರಲೆ ಹತ್ತಿದೆ. ಮುಂಭಾಗದ ಗೋಡೆಗಳಿಗೆ ಕೆಲವು ವರ್ಷಗಳ ಹಿಂದೆ ಹಳೆಯ ಸುಣ್ಣದ ಗಾರೆ ಕೆರೆದು ಸಿಮೆಂಟು ಮೆತ್ತಿಸಿದಿರಿ. ಚಿರೆಕಲ್ಲು ಮಳೆಗಾಲದಲ್ಲಿ ನೀರು ಹೀರಿ ಬೇಸಿಗೆಯಲ್ಲಿ ಬಿಡುತ್ತದೆ, ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಆ ತೇವವನ್ನು ಒಳಗೇ ಕಟ್ಟಿಹಾಕಿತು, ಈಗ ಹಪ್ಪಳದಂತೆ ಎದ್ದು ಬೀಳುತ್ತಿದೆ. ನೋಡಿದವರಿಗೆ ಗೋಡೆಯೇ ಬೀಳುತ್ತಿದೆ ಅನ್ನಿಸುವುದು ಸಹಜ. ಬೀಳುತ್ತಿರುವುದು ಮೆತ್ತಿದ್ದು, ಗೋಡೆ ನೆಟ್ಟಗಿದೆ. ಊರಿನ ಹಳೆಯ ಗಾರೆ ಕೆಲಸದವರನ್ನು ಕರೆದುಕೊಂಡು ಹೋಗಿ ನಾನು ತೋರಿಸಿದ್ದೇನೆ. ಅವರದ್ದೂ ಇದೇ ಮಾತು.

ತಪಾಸಣೆಗೆ ಬಂದವರು ಮಾಳಿಗೆ ಹತ್ತಲಿಲ್ಲ. ಕೀಲಿಕೈ ಗ್ರಂಥಾಲಯದಲ್ಲಿತ್ತು, ಕೇಳಲಿಲ್ಲ. ಅಂಗಳದಲ್ಲಿ ನಿಂತು ಫೋಟೋ ತೆಗೆದು ಹೋದರು. ಮಾಳಿಗೆಯ ತೊಲೆಗಳಿಗೆ ಒಂದು ಉಗುರು ಊರಿ ನೋಡಿದ್ದರೂ ಅವು ಎಷ್ಟು ಗಟ್ಟಿ ಎಂದು ತಿಳಿಯುತ್ತಿತ್ತು. ಆ ವರದಿಯ ಪ್ರತಿಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಅರ್ಜಿ ಹಾಕಿದ್ದೇನೆ. ಮೂವತ್ತು ದಿನದ ಗಡುವು ಮುಗಿಯುವ ಮೊದಲೇ ಹರಾಜಿನ ದಿನಾಂಕ ಬಂದಿದೆ.

ಇನ್ನೊಂದು ಸಂಗತಿಯನ್ನು ಬರೆಯಲು ಬೇಸರವಾಗುತ್ತದೆ, ಆದರೂ ಬರೆಯಬೇಕು. ಪ್ರಕಟಣೆ ಹೊರಬೀಳುವ ಮುಂಚೆಯೇ ಹೊರಊರಿನ ಇಬ್ಬರು ಟೇಪು ಹಿಡಿದು ಬಂದು ಜಗಲಿಯ ಕಂಬಗಳ ಸುತ್ತಳತೆ, ಹೆಬ್ಬಾಗಿಲಿನ ಉದ್ದಗಲ ತೆಗೆದುಕೊಂಡು ಹೋದರು. ತುಳಸಿಕಟ್ಟೆಯ ಬಳಿ ನಾನೇ ತಡೆದು ವಿಚಾರಿಸಿದೆ. ರೆಸಾರ್ಟಿನವರಿಗೆ ಹಳೇ ಮರಕ್ಕೆ ಬೇಡಿಕೆ ಇದೆ, ನಿಮ್ಮೂರ ಮನೆ ಬೀಳಿಸುತ್ತಾರಂತೆ ಎಂದರು. ಸಭೆಯ ತೀರ್ಮಾನ ಊರಿಗೆ ತಿಳಿಯುವ ಮೊದಲು ಅವರಿಗೆ ಹೇಗೆ ತಿಳಿಯಿತು? ನಾನು ಯಾರ ಮೇಲೂ ಆಪಾದನೆ ಹೊರಿಸುತ್ತಿಲ್ಲ. ಉತ್ತರ ಕೇಳುತ್ತಿದ್ದೇನೆ. ಈ ಕರಾವಳಿಯ, ಘಟ್ಟದ ಮೇಲಿನ ಎಷ್ಟೋ ಮನೆಗಳ ಕಂಬ, ಬಾಗಿಲುಗಳು ಇದೇ ದಾರಿಯಲ್ಲಿ ಲಾರಿ ಹತ್ತಿ ಬೇರೆಯವರ ಊಟದ ಹಾಲಿಗೆ ಅಲಂಕಾರವಾಗಿವೆ. ಅಲ್ಲಿ ಅವುಗಳ ಊರು ಯಾವುದು, ಅವುಗಳ ಕೆಳಗೆ ಯಾರು ಕುಳಿತಿದ್ದರು ಎಂದು ಕೇಳುವವರಿರುವುದಿಲ್ಲ.

ಕಳೆದ ಸಭೆಯಲ್ಲಿ ಕಿರಿಯ ಸದಸ್ಯರೊಬ್ಬರು ಎದ್ದು ನಿಂತು, ಅದು ನಮ್ಮ ಹಿರಿಯರನ್ನು ಬಿಸಿಲಲ್ಲಿ ನಿಲ್ಲಿಸಿದ ಮನೆ ಅಕ್ಕೋರೆ, ಬಿದ್ರೆ ಬೀಳಲಿ, ನಿಮ್ಗ್ಯಾಕೆ ಅಷ್ಟು ಸಂಕಟ ಎಂದು ಕೇಳಿದರು. ಈ ಇಡೀ ಚರ್ಚೆಯಲ್ಲಿ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡದ ಮಾತು ಅದೊಂದೇ. ಕೇಳುವ ಹಕ್ಕು ಅವರಿಗಿದೆ, ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ.

ತಮ್ಮಾ, ಒಂದು ದಿನ ನನ್ನ ಜೊತೆ ಬಾ, ಕಣಜದ ಕೋಣೆಗೆ ಹೋಗೋಣ. ಬಾಗಿಲಿನ ಎಡಗಡೆಯ ಚೌಕಟ್ಟಿನ ಮೇಲೆ, ಸೊಂಟದ ಎತ್ತರದಿಂದ ತಲೆಯ ಎತ್ತರದ ತನಕ, ಕತ್ತಿಯ ಮೊನೆಯಿಂದ ಎಳೆದ ಗೀಟುಗಳಿವೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಎಷ್ಟು ಕೊಳಗ ಅಳೆದರು ಎಂಬ ಲೆಕ್ಕ ಅದು. ಒಡೇರ ಲೆಕ್ಕದ ಪುಸ್ತಕ ಒಡೇರ ಹತ್ತಿರ ಇರುತ್ತಿತ್ತು, ಓದು ಬಾರದ ನಮ್ಮವರು ತಮ್ಮ ಲೆಕ್ಕವನ್ನು ಮರದ ಮೇಲೆ ಹಾಕಿಟ್ಟರು. ಯಾವ ಸಾಲು ಯಾರದ್ದು ಎಂದು ಅಜ್ಜಿ ಬೊಟ್ಟಿಟ್ಟು ಹೇಳುತ್ತಿದ್ದಳು. ಕೆಲವು ಗೀಟು ಆಳವಾಗಿವೆ, ಕೆಲವನ್ನು ಯಾರೋ ಕೆರೆದು ಅಳಿಸಲು ನೋಡಿದ್ದಾರೆ, ಅಳಿಸಲಾಗಿಲ್ಲ. ಒಡೇರ ಪುಸ್ತಕಗಳು ಎಂದೋ ಹೋದವು. ನಿನ್ನ ಅಜ್ಜ, ನನ್ನ ಅಜ್ಜ ಈ ಮಣ್ಣಿನಲ್ಲಿ ಬೆಳೆದದ್ದೆಷ್ಟು, ಕೊಟ್ಟದ್ದೆಷ್ಟು ಎನ್ನುವುದಕ್ಕೆ ಊರಿನಲ್ಲಿ ಉಳಿದ ದಾಖಲೆ ಆ ಚೌಕಟ್ಟು ಮಾತ್ರ. ಹರಾಜಿನ ಪಟ್ಟಿಯಲ್ಲಿ ಅದು ಹಳೆಯ ಬಾಗಿಲು ಚೌಕಟ್ಟು ಸಹಿತ ಎಂದು ಒಂದು ಸಾಲಾಗಿದೆ. ನಮ್ಮವರನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಸಾಕ್ಷಿ ಇರುವುದು ಆ ಮನೆಯಲ್ಲಿ. ಅದನ್ನು ಕೆಡವಿದರೆ ಅವರು ನಿಂತದ್ದೇ ಸುಳ್ಳಾಗುತ್ತದೆ. ನನ್ನ ಸಂಕಟ ಅದು.

ಮಾನ್ಯರೇ, ನಮ್ಮ ಜಿಲ್ಲೆಗೆ ಮನೆ ಕಳೆದುಕೊಳ್ಳುವುದು ಹೊಸತಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲೆಯ ಕಡಲ ದಂಡೆಯ ಊರುಗಳೇ ಎದ್ದು ಹೋದವು. ಚತುಷ್ಪಥಕ್ಕೆ ಹೆದ್ದಾರಿ ಬದಿಯ ಎಷ್ಟೋ ಹಳೆಯ ಮನೆಗಳು ಹೋದವು. ಅವೆಲ್ಲ ದೇಶದ ಕೆಲಸಕ್ಕೆ ಎಂದು ಜನ ಕಣ್ಣೊರೆಸಿಕೊಂಡು ಬಿಟ್ಟುಕೊಟ್ಟರು. ದೊಡ್ಡಮನೆಯನ್ನು ಯಾರೂ ಕೇಳಿಲ್ಲ, ಯಾವ ಯೋಜನೆಗೂ ಅದು ಅಡ್ಡ ಬಂದಿಲ್ಲ. ನಾವಾಗಿಯೇ ಕೆಡವಲು ಹೊರಟಿದ್ದೇವೆ. ಯುದ್ಧದ ಕೆಲಸ ಮುಗಿಸಿದ ಐಎನ್‌ಎಸ್ ಚಪಲ್ ಹಡಗನ್ನು ದಡಕ್ಕೆ ತಂದು ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ ಊರು ನಮ್ಮ ಜಿಲ್ಲಾಕೇಂದ್ರ ಕಾರವಾರ. ಕಬ್ಬಿಣದ ಹಡಗಿಗೆ ಎರಡನೇ ಬಾಳು ಕೊಡಲು ಬಂದವರಿಗೆ ಮನೆಗೆ ಕೊಡಲು ಬರುವುದಿಲ್ಲವೇ?

ಸಿಮೆಂಟಿನ ಭವನವೆಂದರೆ ಶಾಶ್ವತ ಎಂಬ ನಂಬಿಕೆಯೂ ಸಭೆಯಲ್ಲಿ ಕೇಳಿಬಂತು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ನಡುರಾತ್ರಿ ಕುಸಿದು ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಉಪ್ಪುಗಾಳಿಯಲ್ಲಿ ಕಬ್ಬಿಣದ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದಕ್ಕೆ ನಮ್ಮದೇ ಬಸ್ ತಂಗುದಾಣದ ಚಾವಣಿ ಸಾಕು. ಸಮುದಾಯ ಭವನ ಬೇಡ ಎನ್ನುತ್ತಿಲ್ಲ. ಬಡವರ ಮನೆಯ ಮದುವೆಗೆ ಊರಲ್ಲಿ ಜಾಗ ಬೇಕು, ನಾನೂ ಒಪ್ಪುತ್ತೇನೆ. ಶಾಲೆಯ ಹಿಂದಿನ ಪಂಚಾಯ್ತಿ ಜಾಗ ಖಾಲಿ ಬಿದ್ದಿದೆ, ಅದು ಎತ್ತರದಲ್ಲಿದೆ, ರಸ್ತೆಯೂ ಇದೆ. ಅದನ್ನು ಬಿಟ್ಟು ಈ ಮನೆಯ ಮೇಲೇ ಕಣ್ಣೇಕೆ ಎಂಬುದಕ್ಕೆ ಮಳಿಗೆಗಳ ಬಾಡಿಗೆಯ ಹೊರತು ಬೇರೆ ಕಾರಣ ನಡಾವಳಿಯಲ್ಲಿ ಸಿಗಲಿಲ್ಲ.

ಆದಾಯವೇ ಬೇಕಿದ್ದರೆ ಈ ಮನೆಯೂ ದುಡಿದು ಕೊಡಬಲ್ಲದು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಣ್ಣು ಬೇಗ ಹಾಳಾಗುತ್ತದೆ, ಅಂಕೋಲೆ ಪೇಟೆಯಲ್ಲಿ ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಸಂಜೆಯಾದರೆ ಸಿಕ್ಕಿದ ಬೆಲೆಗೆ ಕೊಡದೆ ಗತ್ಯಂತರವಿಲ್ಲ. ಹಿಂದಿನ ದೊಡ್ಡ ಅಡುಗೆಮನೆಯನ್ನು ಸರಿಪಡಿಸಿ ಸ್ತ್ರೀಶಕ್ತಿ ಸಂಘಕ್ಕೆ ರಸ ತೆಗೆದು ಡಬ್ಬಿ ತುಂಬುವ ಕೆಲಸಕ್ಕೆ ಬಾಡಿಗೆಗೆ ಕೊಡಬಹುದು, ಸಂಘದವರು ಸಿದ್ಧರಿದ್ದಾರೆ. ಮುಂದಿನ ಕೋಣೆಗಳಲ್ಲಿ ಅರಿವು ಕೇಂದ್ರವನ್ನು, ಅಂದರೆ ಪಂಚಾಯ್ತಿಯ ಗ್ರಂಥಾಲಯವನ್ನು, ಸರಿಯಾಗಿ ನಡೆಸಬಹುದು. ಮಾಳಿಗೆ ನೆರೆಯ ಕಾಲಕ್ಕೆ ಆಸರೆಯಾಗಿ ಇರಲಿ, ಉಳಿದ ದಿನ ಹಾಡು ಕಲಿಯುವ ಮಕ್ಕಳಿಗಿರಲಿ. 2024ರ ಡಿಸೆಂಬರಿನಲ್ಲಿ ಗಿಡಮರ ಬೆಳೆಸಿದ ತುಳಸಿಗೌಡರು ಹೋದರು, 2025ರ ಫೆಬ್ರವರಿಯಲ್ಲಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು, ನಮ್ಮ ಸುಕ್ರಜ್ಜಿ, ಹೋದರು. ಪದ್ಮಶ್ರೀ ಬಂದ ಈ ಇಬ್ಬರು ಹಾಲಕ್ಕಿ ಸಮುದಾಯದ ಹೆಂಗಸರು ನಮ್ಮ ತಾಲ್ಲೂಕಿನವರು. ಅವರಿಗೆ ಗೊತ್ತಿದ್ದದ್ದರಲ್ಲಿ ಒಂದಿಷ್ಟನ್ನಾದರೂ ಕೇಳಿ ಬಲ್ಲವರು ಇನ್ನೂ ಊರೂರಲ್ಲಿ ಇದ್ದಾರೆ. ಅವರು ಕುಳಿತು ಹಾಡಲು, ಮಕ್ಕಳು ಕುಳಿತು ಕೇಳಲು ಸರಕಾರಿ ಜಾಗವೊಂದು ಬೇಡವೇ?

ಆದ್ದರಿಂದ ನನ್ನ ಬೇಡಿಕೆಗಳು ಇವು. ಮೊದಲನೆಯದಾಗಿ ಹರಾಜನ್ನು ತಕ್ಷಣ ತಡೆಹಿಡಿಯಬೇಕು, ಬಾಗಿಲು, ಕಂಬ, ಚೌಕಟ್ಟು ಯಾವುದನ್ನೂ ಅಲ್ಲಿಂದ ಕದಲಿಸಬಾರದು. ದಾನಪತ್ರವನ್ನೂ ತಪಾಸಣಾ ವರದಿಯನ್ನೂ ಊರವರ ಮುಂದೆ ಓದಿ ಹೇಳುವ ವಿಶೇಷ ಗ್ರಾಮಸಭೆ ಕರೆಯಬೇಕು. ಹಗಲಿನಲ್ಲಿ, ಮೀನುಗಾರರೂ ಕೂಲಿಗೆ ಹೋಗುವವರೂ ಬರಬಹುದಾದ ದಿನ ಕರೆಯಬೇಕು. ಚಿರೆಕಲ್ಲು, ಸುಣ್ಣ, ಮರದ ಕಟ್ಟಡಗಳ ಕೆಲಸ ಬಲ್ಲ ಎಂಜಿನಿಯರರಿಂದ ಮಾಳಿಗೆಯೂ ಸೇರಿ ಇಡೀ ಮನೆಯನ್ನು ಹೊಸದಾಗಿ ನೋಡಿಸಬೇಕು. ದುರಸ್ತಿಗೆ ಎಷ್ಟು, ಕೆಡವಿ ಕಟ್ಟಲು ಎಷ್ಟು ಎಂಬ ಎರಡೂ ಅಂದಾಜು ಜನರಿಗೆ ಪಕ್ಕಪಕ್ಕದಲ್ಲಿ ಸಿಗಬೇಕು. ಕರ್ನಾಟಕದ 1961ರ ಪುರಾತತ್ವ ಕಾಯ್ದೆ ನೂರು ವರ್ಷ ದಾಟಿದ ಕಟ್ಟಡಗಳನ್ನು ಪರಿಗಣಿಸಲು ಅವಕಾಶ ಕೊಡುತ್ತದೆ. ಈ ಮನೆಯ ವಿವರವನ್ನು ಪಂಚಾಯ್ತಿಯ ಠರಾವಿನೊಂದಿಗೆ ರಾಜ್ಯದ ಪುರಾತತ್ವ ಇಲಾಖೆಗೆ ಕಳಿಸಿ ಅಭಿಪ್ರಾಯ ಕೇಳಬೇಕು. ಇವೆಲ್ಲ ನಡೆಯುವ ತನಕ ಆ ಹಿಂಬದಿಯ ತಗಡಿನ ದೋಣಿಯನ್ನಾದರೂ ಬದಲಿಸಿ ಹಂಚು ಸರಿಮಾಡಬೇಕು. ಮಳೆ ಸಭೆಗಾಗಿ ಕಾಯುವುದಿಲ್ಲ. ಅದಕ್ಕೂ ಹಣವಿಲ್ಲವೆಂದರೆ ಹೇಳಿ, ಸ್ತ್ರೀಶಕ್ತಿ ಸಂಘದವರೂ ನಾನೂ ಊರಲ್ಲಿ ವಂತಿಗೆ ಎತ್ತಿ ಈ ತಿಂಗಳೇ ಮಾಡಿಸುತ್ತೇವೆ. ಮಾಡು ಹತ್ತಲು ಅನುಮತಿ ಪತ್ರ ಕೊಟ್ಟರೆ ಸಾಕು.

ಈ ಪತ್ರಕ್ಕೆ ಹರಾಜಿನ ದಿನಾಂಕಕ್ಕಿಂತ ಮೊದಲು ಲಿಖಿತ ಉತ್ತರ ಕೊಡಬೇಕೆಂದು ವಿನಂತಿ. ಉತ್ತರ ಬಾರದಿದ್ದರೆ ದಾನಪತ್ರದ ಪ್ರತಿಯೊಂದಿಗೆ ಜಿಲ್ಲೆಯ ಮೇಲಧಿಕಾರಿಗಳ ಬಳಿಗೆ, ಅಗತ್ಯ ಬಿದ್ದರೆ ನ್ಯಾಯಾಲಯಕ್ಕೆ ಹೋಗುತ್ತೇನೆ. ಹರಾಜು ನಡೆದೇ ನಡೆಯುವುದಾದರೆ ಆ ದಿನ ಅಂಗಳದಲ್ಲಿ ನಾನಿರುತ್ತೇನೆ, ಗೇಣಿ ಅಳೆದ ಮನೆಗಳ ಇನ್ನೂ ಹಲವು ಹೆಂಗಸರು ನನ್ನ ಜೊತೆ ಇರುತ್ತಾರೆ. ಊರಿನವರು ಯಾರೂ ಬೆಲೆ ಕೂಗಬಾರದೆಂದು ಮನೆಮನೆಗೆ ಹೋಗಿ ಈಗಿನಿಂದಲೇ ಕೇಳಿಕೊಳ್ಳುತ್ತಿದ್ದೇವೆ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಶಾಖಾ ಅಂಚೆಪಾಲಕಿ ಹಾಗೂ ಗ್ರಾಮದ ಮತದಾರಳು